ಹಾಡುಗಾತಿ ನಿಲ್ಲುವ ಜಾಗ

ಹಾಡುಗಾತಿ ಅವತ್ತೂ ಅಡುಗೆಮನೆಯ ಬಾಗಿಲಿಗೇ ಹೋಗಿ ನಿಂತಿದ್ದಳು.

ಖೋಯ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಅದೇ ಸಾಲನ್ನು ಮೂರನೇ ಸಲ ಕೇಳಿದ. ಅನುಮಾನವೇ ಬೇಡ. ರೆಕಾರ್ಡು ಸರಿಯಿದೆ, ಸೂಜಿ ಹೊಸದು, ಎರಡೂ ಸ್ಪೀಕರುಗಳಿಂದ ದನಿ ಬರುತ್ತಿದೆ. ಎರಡು ಕಡೆಯ ದನಿಯೂ ಸಮವಾಗಿ ಬಂದು ಕಿವಿ ಮುಟ್ಟಿದರೆ ಹಾಡುವವಳು ಆ ಪೆಟ್ಟಿಗೆಗಳ ನಟ್ಟನಡುವೆ, ಬರೀ ಗಾಳಿಯಲ್ಲಿ, ಎದ್ದು ನಿಲ್ಲಬೇಕು. ಕೈ ಚಾಚಿದರೆ ತೋಳು ತಾಗೀತು ಅನ್ನಿಸಬೇಕು. ಆ ನಡುವಿನ ಜಾಗದಲ್ಲೇ ಗೋಡೆಗೆ ಆನಿಸಿ ಹಿರಿಯರ ಪೀಠವಿತ್ತು. ಎದೆಮಟ್ಟದ ಮರದ ಬೀರು, ಮೇಲೆ ಧೂಪದ ಬಟ್ಟಲು, ಅದರ ಹಿಂದೆ ಖೋಯ್‌ನ ಹೆಂಡತಿ ಲುವಾಳ ಫೋಟೋ. ಹಾಡುಗಾತಿ ಅಲ್ಲಿ ನಿಲ್ಲುವುದು ಬಿಟ್ಟು ಬಲಕ್ಕೆ ಸರಿದು, ಬಾಗಿಲ ಚೌಕಟ್ಟಿಗೆ ಒರಗಿಕೊಂಡು, ಮೀನು ಹುರಿದಾಯಿತೇ ಎಂದು ವಿಚಾರಿಸಲು ಬಂದವಳ ಹಾಗೆ ಹಾಡುತ್ತಿದ್ದಳು.

“ದರಿದ್ರ!” ಎಂದು ಖೋಯ್ ಎದ್ದು ಸೂಜಿ ಎತ್ತಿದ.

ಇನ್ನು ಹತ್ತು ದಿನಕ್ಕೆ ಲುವಾಳ ವರ್ಷದ ತಿಥಿ. ಅವಳ ಕಡೆಯವರೆಲ್ಲ ಊಟಕ್ಕೆ ಬರುವ ದಿನ. ಅವತ್ತು ನಿನ್ನ ಮೆಚ್ಚಿನ ಈ ನಾಟಕದ ಹಾಡನ್ನು ಹಾಕುತ್ತೇನೆ, ಹಾಡುಗಾತಿ ನಿನ್ನ ಫೋಟೋದ ಎದುರಿಗೇ ನಿಂತು ನಿನಗೇ ಹಾಡಬೇಕು, ಹಾಗೆ ಮಾಡದಿದ್ದರೆ ನಾನು ನಾನಲ್ಲ ಎಂದು ಖೋಯ್ ಅವಳ ನೂರನೇ ದಿನದಂದು ಧೂಪ ಹಚ್ಚಿ ಮಾತು ಕೊಟ್ಟುಬಿಟ್ಟಿದ್ದ. ಸತ್ತವರಿಗೆ ಕೊಟ್ಟ ಮಾತು ಬದುಕಿದವರಿಗೆ ಕೊಟ್ಟ ಮಾತಿನಂತಲ್ಲ. ಅವರು ‘ಹೋಗಲಿ ಬಿಡಿ’ ಅನ್ನುವುದಿಲ್ಲ.

ಖೋಯ್ ಬೋರ್ಡು ಬರೆಯುತ್ತಿದ್ದವನು. ಸೈಗಾನಿನ ಆ ಸುತ್ತಿನಲ್ಲಿ ನೂಡಲ್ಸಿನಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಅವನ ಕೈಬರಹ ಇಲ್ಲದ ಬೀದಿಯಿರಲಿಲ್ಲ. ಅಳತೆಪಟ್ಟಿಯಿಲ್ಲದೆ ಹತ್ತು ಅಡಿ ಗೆರೆ ಎಳೆದರೆ ಕೂದಲೆಳೆ ಆಚೀಚೆ ಆಗುತ್ತಿರಲಿಲ್ಲ. ಆಮೇಲೆ ಪ್ಲಾಸ್ಟಿಕ್ ಹಾಳೆಯ ಮೇಲೆ ಮೆಷೀನೇ ಅಕ್ಷರ ಕಾರುವ ಕಾಲ ಬಂತು. ಅದರ ಹಿಂದೆಯೇ ಅವನ ಬಲಗೈ ನಡುಗಲು ಶುರುವಾಯಿತು. ಉಳಿದದ್ದು ಕಿವಿ. ಕಿವಿಯ ವಿಷಯಕ್ಕೆ ಮಾತ್ರ ಖೋಯ್‌ನ ಎದುರು ಯಾರೂ ಮಾತಾಡುವ ಹಾಗಿರಲಿಲ್ಲ. ಹೊಸದಾಗಿ ಸ್ಟೀರಿಯೋ ಕೊಂಡವರು “ನಾಮ್ ಅಣ್ಣ, ಒಂದ್ಸಲ ಬಂದು ನೋಡಿ” ಎಂದು ಕರೆದೊಯ್ಯುತ್ತಿದ್ದರು. ನಾಮ್ ಎಂಬುದು ಮನೆಯಲ್ಲಿ ಹುಟ್ಟಿದ ಕ್ರಮದಿಂದ ಬಂದ ಹೆಸರು. ಓಣಿಗೆಲ್ಲ ಅದೇ ಹೆಸರು. ಖೋಯ್ ಹೋಗಿ, ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಅದು ಗೋಡೆಗೆ ಬಡಿದು ಬರುವುದನ್ನು ಕೇಳಿ, “ಸ್ಪೀಕರ್‌ನ ಮೂಲೆಗೆ ಯಾಕಯ್ಯಾ ಒತ್ತಿದ್ದೀಯ? ಮೂಲೆ ಅಂದ್ರೆ ದಪ್ಪ ದನಿ ಹೋಗಿ ಗುಂಯ್ ಅಂತ ಕೂರೋ ಜಾಗ. ಎರಡು ಮೊಳ ಮುಂದಕ್ಕೆಳಿ. ಕನ್ನಡಿ ಬೀರುಗೆ ಬಟ್ಟೆ ಹಾಕು” ಎಂದು ಹೇಳಿ, ಒಂದು ಲೋಟ ಐಸ್ ಕಾಫಿ ಕುಡಿದು ಬರುತ್ತಿದ್ದ.

ಅವನ ಸ್ವಂತ ಮನೆ ಆ ಊರಿನ ಎಲ್ಲ ಮನೆಗಳಂತೆ ಅಗಲಕ್ಕೆ ನಾಲ್ಕು ಹೆಜ್ಜೆ, ಉದ್ದಕ್ಕೆ ಹೆದ್ದಾರಿ. ಅಂಥ ಮನೆಯಲ್ಲಿ ಸಂಗೀತ ಕೇಳುವುದೆಂದರೆ ನೀರಿನ ಪೈಪಿನೊಳಗೆ ಕೂತು ಕೇಳಿದ ಹಾಗೆ. ಇಪ್ಪತ್ತೆರಡು ವರ್ಷದ ಹಿಂದೆ ಆ ಪೈಪನ್ನು ಪಳಗಿಸಲು ಗಂಡಹೆಂಡಿರಿಗೆ ಮೂರು ವಾರ ಹಿಡಿದಿತ್ತು. ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ಕೂತು ಕೇಳಬೇಕು, ಇನ್ನೊಬ್ಬರು ತಳ್ಳಬೇಕು. ಖೋಯ್ ಕೂರುತ್ತಿದ್ದ, ಲುವಾ ತಳ್ಳುತ್ತಿದ್ದಳು. ಬೆಳಗ್ಗೆ ಓಣಿಯ ತುದಿಯಲ್ಲಿ ಅಂಟಕ್ಕಿಯ ಅನ್ನ ಮಾರಿ, ಪಾತ್ರೆ ತೊಳೆದು ಬಂದು, ಅಕ್ಕಿಮೂಟೆಯಷ್ಟು ತೂಗುವ ಸ್ಪೀಕರ್ ಪೆಟ್ಟಿಗೆಯನ್ನು ತಬ್ಬಿ ಹಿಡಿದು, ‘ಇನ್ನೊಂಚೂರು, ಇನ್ನೊಂಚೂರು, ಅಯ್ಯೋ ಜಾಸ್ತಿಯಾಯ್ತು ಕಣೇ’ ಎಂದು ಅವನು ಅಂದಾಗಲೆಲ್ಲ ಮುಂದಕ್ಕೂ ಹಿಂದಕ್ಕೂ ಜರುಗಿಸುತ್ತಿದ್ದಳು. ಗೋಡೆಯುದ್ದಕ್ಕೂ ಕನ್ನಡಿ ಹಿಡಿದು ನಡೆಯುತ್ತಿದ್ದಳು. ಕೂತವನಿಗೆ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಂಡಿತೋ ಅಲ್ಲೇ ದನಿ ಬಡಿದು ಬರುವ ಜಾಗ, ಅಲ್ಲಿಗೆ ಬೂರುಗದ ಹತ್ತಿ ತುಂಬಿದ ಚೀಲ. ಕೊನೆಗೊಂದು ದಿನ ಹಾಡುಗಾತಿ ನಡುವೆ ಬಂದು ನಿಂತಳು. ಖೋಯ್ ನೆಲದ ಟೈಲು ಎಣಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ, “ಇನ್ನು ಇದನ್ನ ದೇವರು ಬಂದ್ರೂ ಮುಟ್ಟೋ ಹಾಗಿಲ್ಲ” ಎಂದ.

ದೇವರು ಮುಟ್ಟಲಿಲ್ಲ, ಸಾವು ಮುಟ್ಟಿತು. ಲುವಾ ಹೋದಾಗ ಹೆಣದ ಪೆಟ್ಟಿಗೆಗೆ ಜಾಗವಾಗಲೆಂದು ಬಂದವರು ಸ್ಪೀಕರುಗಳನ್ನು ಎಳೆದು ಮೂಲೆಗೆ ನೂಕಿದ್ದರು. ನಲವತ್ತೊಂಬತ್ತು ದಿನ ಖೋಯ್ ಅವುಗಳ ಕಡೆ ನೋಡಲಿಲ್ಲ. ಆಮೇಲೊಂದು ಮಧ್ಯಾಹ್ನ ಮನೆಯ ಮೌನ ತಡೆಯಲಾರದೆ ಸರಿಮಾಡಲು ಹೋದ. ಪೆನ್ಸಿಲ್ ಗುರುತು ಎಂದೋ ಅಳಿಸಿಹೋಗಿತ್ತು, ಆದರೆ ಪೆಟ್ಟಿಗೆಗಳ ಅಡಿಗಿಟ್ಟ ಕಲ್ಲುಗಳು ನಿಂತ ಕಲೆ ಟೈಲಿನ ಮೇಲೆ ಉಳಿದಿತ್ತು. ನೋಡಿದರೆ, ಬಲಗಡೆಯದು ಅವನು ಅಳೆದಿಟ್ಟ ಜಾಗದಲ್ಲೇ ಇದೆ, ಎಡಗಡೆಯದು ಹೆಚ್ಚುಕಮ್ಮಿ ಒಂದು ಗೇಣು ಮುಂದೆ ಬಂದುಬಿಟ್ಟಿದೆ! ಅದೂ ಒಂದೇ ಕಲೆಯಲ್ಲ, ಏಣಿಯ ಮೆಟ್ಟಿಲ ಹಾಗೆ ಒಂದರ ಮುಂದೊಂದು ಏಳೆಂಟು ಗೆರೆ.

“ಅಯ್ಯೋ ನಿನ್ನ! ನೆಲ ಒರೆಸ್ತಾ ಒರೆಸ್ತಾ ತಳ್ಕೊಂಡು ಬಂದಿದ್ದೀಯಲ್ಲೇ” ಎಂದು ಫೋಟೋ ನೋಡಿ ನಕ್ಕಿದ್ದ. ಲುವಾಗೆ ನೇರ ಗೆರೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ಎಲೆ ಹಾಸಿದರೂ ಸೊಟ್ಟ, ಗೋಡೆಗೆ ಕ್ಯಾಲೆಂಡರ್ ಹಾಕಿದರೂ ಸೊಟ್ಟ. ಖೋಯ್ ಸೀಮೆಎಣ್ಣೆ ಹಾಕಿ ಆ ಗೆರೆಗಳನ್ನೆಲ್ಲ ಉಜ್ಜಿ ತೆಗೆದ. ಟೇಪು ಹಿಡಿದು, ಎರಡೂ ಪೆಟ್ಟಿಗೆಗಳನ್ನು ಗೋಡೆಯಿಂದ, ಕುರ್ಚಿಯಿಂದ, ಒಂದರಿಂದೊಂದು ಕೂದಲೆಳೆ ವ್ಯತ್ಯಾಸವಿಲ್ಲದೆ ನಿಲ್ಲಿಸಿದ. ಕೂತು ಕೇಳಿದ. ಹಾಡುಗಾತಿ ಬಲಕ್ಕೆ ವಾಲಿದ್ದಳು.

ಅಂದಿನಿಂದ ಹತ್ತು ತಿಂಗಳು ಅವನು ಪಟ್ಟ ಪಾಡು ನಾಯಿಗೂ ಬೇಡ. ಅಡುಗೆಮನೆ ಬಾಗಿಲಿನಿಂದ ದನಿ ಸೋರುತ್ತಿದೆ ಎಂದು ಅಲ್ಲಿಗೆ ದಪ್ಪ ಪರದೆ ಹಾಕಿದ. ಎಡಗೋಡೆ ದನಿ ನುಂಗುತ್ತಿದೆ ಎಂದು ಅಲ್ಲಿನ ಹತ್ತಿಚೀಲ ಕಿತ್ತು ಬಲಕ್ಕೆ ಕಟ್ಟಿದ. ತಂತಿ ಬದಲಿಸಿದ. ಚಾಪೆ ಹಾಸಿದ, ಚಾಪೆ ಸುತ್ತಿದ. ಆಂಪ್ಲಿಫೈಯರಿನಲ್ಲಿ ಎಡಬಲ ಹೆಚ್ಚುಕಡಿಮೆ ಮಾಡುವ ಬಿರಡೆಯೇ ಇರಲಿಲ್ಲ. ‘ಅದು ದನಿಗೆ ಕೊಳೆ’ ಎಂದು ಅವನೇ ಹಿಂದೊಮ್ಮೆ ತೆಗೆಸಿಹಾಕಿದ್ದ. ಇವೆಲ್ಲವನ್ನೂ ಒಬ್ಬನೇ ಮಾಡಬೇಕು. ತಳ್ಳು, ನಡೆದು ಬಾ, ಕೂರು, ಕೇಳು, ಏಳು, ಮತ್ತೆ ಹೋಗಿ ತಳ್ಳು. ಬಂದು ಕೂರುವಷ್ಟರಲ್ಲಿ ಮೊದಲು ಹೇಗಿತ್ತು ಎನ್ನುವುದೇ ಮರೆತಿರುತ್ತಿತ್ತು. ಒಮ್ಮೊಮ್ಮೆ ಕಣ್ಣು ಮುಚ್ಚಿ ಕೂತವನು ಅಭ್ಯಾಸಬಲದಿಂದ “ಇನ್ನೊಂಚೂರು” ಎಂದುಬಿಡುತ್ತಿದ್ದ. ಹೇಳಿದ ಮೇಲೆ ಮನೆ ಇನ್ನೂ ಖಾಲಿಯಾಗುತ್ತಿತ್ತು. ಮಕ್ಕಳಿಲ್ಲದ ಮನೆ, ಅವಳಿದ್ದಾಗ ಅದು ಕೊರತೆ ಅನ್ನಿಸಿರಲಿಲ್ಲ.

ಎಲ್ಲ ಮುಗಿದ ಮೇಲೆ ಉಳಿದದ್ದು ಒಂದೇ: ಹಿರಿಯರ ಪೀಠ. ಟೊಳ್ಳು ಬೀರು. ಮೇಲೆ ಗಾಜಿನ ಫೋಟೋ, ಹಿತ್ತಾಳೆಯ ದೀಪದ ಕಂಬ. ಲುವಾಳ ಫೋಟೋ ಬಂದ ಮೇಲೆಯೇ ತಾನೇ ಹಾಡುಗಾತಿ ವಾಲಿದ್ದು? ಪೀಠವನ್ನು ಮೇಲಿನ ಮಹಡಿಗೆ ಸಾಗಿಸಿದರೆ ದನಿ ಸರಿಹೋದೀತು. ಫೋಟೋದ ಎದುರು ಹಾಡಿಸಬೇಕೆಂದು ಹೊರಟವನು ಫೋಟೋವನ್ನೇ ಮನೆಯ ನಡುವಿನಿಂದ ಎತ್ತಲು ಹೊರಟದ್ದು ಅವನಿಗೆ ವಿಚಿತ್ರವಾಗಿ ಕಾಣಲಿಲ್ಲ. ಹಠ ಹಿಡಿದವನಿಗೆ ಏನೂ ವಿಚಿತ್ರವಲ್ಲ.

ಆದರೆ ಪೀಠ ಎತ್ತುವುದು ಮಂಚ ಎತ್ತಿದ ಹಾಗಲ್ಲ. ಅಲ್ಲಿರುವವರ ಒಪ್ಪಿಗೆ ಬೇಕು. ಖೋಯ್ ಸ್ನಾನ ಮಾಡಿ, ಮೂರು ಧೂಪದ ಕಡ್ಡಿ ಹಚ್ಚಿ, ವಿಷಯ ತಿಳಿಸಿ, ಎರಡು ನಾಣ್ಯಗಳನ್ನು ತಟ್ಟೆಗೆ ಹಾಕಿದ. ಒಂದು ಮೇಲ್ಮುಖ ಒಂದು ಕೆಳಮುಖ ಬಿದ್ದರೆ ಒಪ್ಪಿಗೆ. ಎರಡೂ ಮೇಲ್ಮುಖ ಬಿದ್ದವು. ಹಾಗೆಂದರೆ ಆ ಕಡೆಯವರು ನಗುತ್ತಿದ್ದಾರೆ ಎಂದರ್ಥ. ಮಾರನೇ ದಿನ ಎರಡೂ ಕೆಳಮುಖ. “ನೋಡು ಲುವಾ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು” ಎಂದು ಮೂರನೇ ದಿನ ಮತ್ತೆ ಹಾಕಿದ. ಒಂದು ಮೇಲೆ, ಒಂದು ಕೆಳಗೆ. ಅವಳು ಇದ್ದಾಗಲೂ ಹೀಗೆಯೇ, ಮೂರನೇ ಸಲಕ್ಕೆ ಹೂಂ ಅನ್ನುತ್ತಿದ್ದಳು.

ಪೀಠ ಹೊರಲು ಪಕ್ಕದ ಮನೆಯ ಇಬ್ಬರಿಗೆ ಹೇಳಿದ್ದೇ ತಡ, ಸುದ್ದಿ ಲುವಾಳ ತಂಗಿಗೆ ಮುಟ್ಟಿತು. ಐವತ್ತು ದಾಟಿದ್ದರೂ ಮನೆಯ ಕೊನೆಯ ಕೂಸೆಂದು ಅವಳನ್ನು ಎಲ್ಲರೂ ಕರೆಯುವುದು ಊತ್ ಎಂದೇ, ಅಂದರೆ ಕಿರಿಯಳು. ಮೋಟಾರುಬೈಕನ್ನು ಬಾಗಿಲಲ್ಲೇ ಅಡ್ಡ ನಿಲ್ಲಿಸಿ, ಹೆಲ್ಮೆಟ್ಟು ತೆಗೆಯದೆಯೇ ಒಳಬಂದಳು.

“ಏನ್ ಭಾವ, ನಮ್ಮಕ್ಕನ್ನ ಅಟ್ಟ ಹತ್ತಿಸ್ತೀರಂತೆ?”

“ಅಟ್ಟ ಅಲ್ಲ, ಮಹಡಿ. ಊರಲ್ಲಿ ಎಷ್ಟೋ ಜನ ಪೀಠನ ಮೇಲೇ ಇಟ್ಕೊಂಡಿದ್ದಾರೆ. ಗೌರವ ಅದು.”

“ಗೌರವಕ್ಕೆ ಇಡೋರು ಬೇರೆ, ಅಡ್ಡ ಅಂತ ಎತ್ತಿಡೋರು ಬೇರೆ. ಆ ಮಹಡಿಯ ತಗಡಿನ ಸೂರಿನ ಕೆಳಗೆ ಬೇಯ್ಲಿ ಅಂತಾನಾ? ಬದುಕಿದ್ದಾಗ ಈ ಪೆಟ್ಟಿಗೆಗಳ ಚಾಕರಿ ಮಾಡಿದ್ದು ಸಾಲ್ದಾ ಅವಳು?”

“ನಾಣ್ಯ ಹಾಕಿ ಕೇಳಿದ್ದೀನಮ್ಮ. ಒಪ್ಕೊಂಡಿದ್ದಾಳೆ.”

“ಎಷ್ಟನೇ ಸಲಕ್ಕೆ?”

ಊತ್ ಸೀದಾ ಹೋಗಿ ಖೋಯ್‌ನ ಕುರ್ಚಿಯಲ್ಲಿ ಕುಕ್ಕರಿಸಿದಳು. ಅಲ್ಲಿ ಇನ್ನೊಬ್ಬರು ಕೂತದ್ದು ಕಂಡು ಅವನಿಗೆ ಒಂಥರಾ ಆಯಿತು.

“ಹಾಕಿ. ಅದೇನು ಅಂಥಾ ಪ್ರಪಂಚ ಮುಳುಗೋಗಿದೆ ಅಂತ ನಾನೂ ಕೇಳ್ತೀನಿ.”

ಅವನು ಸೂಜಿ ಇಟ್ಟ. ಅವಳು ಹೆಲ್ಮೆಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೇಳಿದಳು. ಅವಳ ಮುಖ ಮೆತ್ತಗಾಯಿತು.

“ಅಯ್ಯಪ್ಪಾ, ಅಕ್ಕನ ಫೋಟೋ ಒಳಗಿಂದಾನೇ ಬರ್ತಿದೆಯಲ್ಲ ಭಾವ ದನಿ.”

“ಸುಳ್ಳು ಹೇಳ್ಬೇಡ.”

“ಸುಳ್ಳು ಹೇಳಿ ನಂಗೇನು ಬರ್ಬೇಕು? ನಟ್ಟನಡುವೆ ನಿಂತಿದ್ದಾಳೆ.”

“ಬಾಗಿಲ ಹತ್ರ ಇಲ್ವಾ?”

“ಯಾವ ಬಾಗ್ಲು?” ಊತ್ ಅವನನ್ನು ದಿಟ್ಟಿಸಿ ನೋಡಿದಳು. “ಭಾವ, ಕುಣಿಯಲಾರದವಳು ಅಂಗಳ ಡೊಂಕು ಅಂದ್ಲಂತೆ. ಹಾಗಾಯ್ತು ನಿಮ್ ಕತೆ. ಪೀಠ ಇಲ್ಲಿಂದ ಅಲ್ಲಾಡಿತೋ, ತಿಥಿಗೆ ನಾನು ಬರಲ್ಲ, ನಮ್ಮ ಕಡೆಯ ಒಂದು ನರಪಿಳ್ಳೆಯೂ ಬರಲ್ಲ. ಒಬ್ಬರೇ ಕೂತು ಉಣ್ಣಿ.”

ಅವಳು ಹೋದ ಮೇಲೆ ಖೋಯ್‌ಗೆ ಸಿಟ್ಟು ನೆತ್ತಿಗೇರಿತು. ಅಂಟಕ್ಕಿ ಅನ್ನದ ಹೊಗೆಯಲ್ಲಿ ಬೆಳೆದವಳಿಗೆ ನಡುವೇನು, ಅಂಚೇನು? ಅಂಗಳ ಡೊಂಕಂತೆ! ಕಿವಿ ಇರುವವನೊಬ್ಬ ಬಂದು ಹೇಳಲಿ ಎಂದುಕೊಂಡು, ಅಂಗಿ ಸಿಕ್ಕಿಸಿಕೊಂಡು, ನ್ಯಾಟ್ ಟಾವ್ ಮಾರ್ಕೆಟ್ಟಿನ ಚಿನ್ ಅಣ್ಣನ ಅಂಗಡಿಗೆ ಹೋದ.

ಚಿನ್ ಅಣ್ಣ ಅವನಿಗಿಂತ ಆರು ವರ್ಷ ದೊಡ್ಡವನು. ಹಳೆಯ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವವನು. ಖೋಯ್‌ನ ಯಂತ್ರವನ್ನು ಜೋಡಿಸಿಕೊಟ್ಟವನೂ ಅವನೇ. ತಂತಿಗಳ ರಾಶಿಯ ನಡುವೆ ಕೂತು, ಬಿಸಿ ಸೀಸದ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಎಲ್ಲವನ್ನೂ ಕೇಳಿದ. ಕೇಳಿ, ಕೈಯಲ್ಲಿದ್ದ ಕೆಲಸ ಕೆಳಗಿಟ್ಟ.

“ಕೂತ್ಕೋ ಅಲ್ಲಿ” ಎಂದು ಎರಡು ಪುಟ್ಟ ಸ್ಪೀಕರುಗಳ ಎದುರಿಗಿದ್ದ ಸ್ಟೂಲು ತೋರಿಸಿದ. ಯಾವುದೋ ಹಾಡು ಹಾಕಿದ. “ಎಲ್ಲಿದ್ದಾಳೆ?”

“ಬಲಗಡೆ. ಆ ಫ್ಯಾನಿನ ಹತ್ರ. ನಿನ್ನಂಗಡಿನೂ ಸೊಟ್ಟ ಬಿಡಣ್ಣ.”

“ಇರ್ಬೋದು. ಈಗ ಹಿಂದೆ ತಿರುಗಿ ಕೂತ್ಕೋ. ಸ್ಪೀಕರಿಗೆ ಬೆನ್ನು ಮಾಡಿ.”

“ಇದೇನು ಹುಡುಗಾಟ?”

“ತಿರುಗೋ ಅಂದೆ.”

ಖೋಯ್ ತಿರುಗಿ ಕೂತ. ಅಂಗಡಿ ಸೊಟ್ಟಗಿದ್ದರೆ ಹಾಡುವವಳು ಫ್ಯಾನಿನ ಹತ್ತಿರವೇ, ಅಂದರೆ ಈಗ ಅವನ ಎಡಕ್ಕೆ, ಇರಬೇಕಿತ್ತು. ಅವಳು ಫ್ಯಾನು ಬಿಟ್ಟು ಬಂದಿದ್ದಳು. ಅವನ ಜೊತೆಯಲ್ಲೇ ತಿರುಗಿ, ಮತ್ತೆ ಅವನ ಬಲಕ್ಕೇ ಬಂದು ನಿಂತಿದ್ದಳು. ಅವನು ಎದ್ದು ಎದುರಿಗೆ ಕೂತ, ಮತ್ತೆ ತಿರುಗಿ ಕೂತ. ಎತ್ತ ತಿರುಗಿದರೂ ಬಲ.

ಚಿನ್ ಅಣ್ಣ ಹಾಡು ನಿಲ್ಲಿಸಿದ. “ನಿನ್ನ ಎಡಗಿವಿ ಮಂದ ಆಗ್ತಿದೆ ಕಣೋ ನಾಮ್. ಇವತ್ತಿಂದಲ್ಲ, ನಾಲ್ಕೈದು ವರ್ಷದಿಂದ.”

“ನಿಂಗೆ ಯಾರು ಹೇಳಿದ್ದು?”

“ಲುವಾ.”

ಖೋಯ್ ಅವನ ಕಡೆಗೆ ತಿರುಗಿ ಕೂತ.

“ಒಂದಿನ ಇಲ್ಲಿಗೆ ಬಂದಿದ್ಲು. ‘ಅಣ್ಣ, ಎಡಗಡೆಯಿಂದ ಕರೆದ್ರೆ ಓಗೊಡಲ್ಲ, ಬಲಗಡೆಯಿಂದ ಪಿಸುಗುಟ್ಟಿದ್ರೂ ಬೈತಾರೆ. ಹಾಡು ಹಾಕ್ಕೊಂಡು ಮುಖ ಗಂಟಿಕ್ಕೊಂಡು ಕೂತಿರ್ತಾರೆ. ಏನ್ ಮಾಡ್ಲಿ?’ ಅಂದ್ಲು. ಡಾಕ್ಟರ್ ಹತ್ರ ಕರ್ಕೊಂಡು ಹೋಗು ಅಂದೆ. ‘ಕೈ ನಡುಗಿ ಬೋರ್ಡು ಬರೆಯೋದು ನಿಂತೋದಾಗ ಎರಡು ತಿಂಗಳು ನೆಟ್ಟಗೆ ಊಟ ಮಾಡ್ಲಿಲ್ಲ. ಈಗ ಕಿವಿನೂ ಹೋಯ್ತು ಅಂತ ನಾನೇ ಬಾಯಿಬಿಟ್ಟು ಹೇಳ್ಲಾ ಅಣ್ಣ?’ ಅಂತ ಇಲ್ಲೇ ಅತ್ತಳು ಮಾರಾಯ. ಸರಿ, ಎಡಗಡೆ ಪೆಟ್ಟಿಗೆನ ಒಂದು ಬೆರಳು ಮುಂದೆ ತಾ, ಗೊತ್ತಾಗದ ಹಾಗೆ, ಅಂದೆ. ಆರೇಳು ತಿಂಗಳಿಗೊಂದ್ಸಲ ಬರ್ತಿದ್ಲು. ‘ಮತ್ತೆ ಮುಖ ಗಂಟಾಗಿದೆ, ಇನ್ನೊಂದು ಬೆರಳು ತಳ್ಳಲಾ?’ ಅಂತ. ಯಾರಿಗೂ ಹೇಳಲ್ಲ ಅಂತ ಮಾತು ತಗೊಂಡಿದ್ಲು. ಇವತ್ತು ಮುರಿದೆ. ಏನ್ ಮಾಡ್ಲಿ, ಅವಳ ಪೀಠ ಎತ್ತಕ್ಕೆ ಹೊರಟಿದ್ದೀಯ.”

ಖೋಯ್‌ಗೆ ಸೀಮೆಎಣ್ಣೆಯ ವಾಸನೆ ಬಂದಂತಾಯಿತು. ಅವನು ನಗುನಗುತ್ತಾ ಉಜ್ಜಿ ತೆಗೆದ ಏಳೆಂಟು ಗೆರೆ. ಒಂದೊಂದು ಗೆರೆಯೂ ಅವಳು ಅವನಿಗೆ ಗೊತ್ತಾಗದಂತೆ ಪೆಟ್ಟಿಗೆ ತಬ್ಬಿದ ಒಂದೊಂದು ದಿನ. ಕೊನೆಯ ವರ್ಷಗಳಲ್ಲಿ ಅವಳು ಬೀದಿಯಲ್ಲಿ ಅವನ ಬಲಕ್ಕೇ ನಡೆಯುತ್ತಿದ್ದದ್ದು, ಊಟದ ಚಾಪೆಯಲ್ಲಿ ಜಾಗ ಬದಲಿಸಿ ಬಲಕ್ಕೆ ಬಂದು ಕೂತದ್ದು, ಎಲ್ಲವೂ ಒಂದೊಂದಾಗಿ ನೆನಪಾಗಿ ಅವನಿಗೆ ನಾಚಿಕೆಯಾಯಿತು. ಕಿವಿ ಹೋದದ್ದಕ್ಕಲ್ಲ. ಒಂದು ಜೀವ ತನ್ನ ಸುತ್ತ ಇಷ್ಟು ಓಡಾಡಿದ್ದು ತನಗೆ ಕೇಳಿಸಲೇ ಇಲ್ಲವಲ್ಲ ಎಂದು.

“ಅವಳ ಸೊಂಟ ಬಿದ್ದೋಗಿತ್ತು ಅಣ್ಣ” ಎಂದ.

ಮನೆಗೆ ಬಂದವನೇ ಪೀಠ ಹೊರುವವರಿಗೆ ಬೇಡವೆಂದು ಹೇಳಿ ಕಳಿಸಿದ. ಊತ್‌ಗೆ ಫೋನು ಮಾಡಿ, “ನಿಮ್ಮಕ್ಕ ಎಲ್ಲಿದ್ದಾಳೋ ಅಲ್ಲೇ ಇರ್ತಾಳೆ, ಎಲ್ಲರನ್ನೂ ಕರ್ಕೊಂಡು ಬಾ” ಎಂದ. ಅವಳು ಯಾಕೆ ಏನು ಎಂದು ಕೇಳಲಿಲ್ಲ. ಹಾಗಲಕಾಯಿ ತಾನೇ ತರುತ್ತೇನೆ ಎಂದಳು.

ಉಳಿದದ್ದು ಕೊಟ್ಟ ಮಾತು. ಖೋಯ್ ಎಡಗಡೆಯ ಪೆಟ್ಟಿಗೆಯನ್ನು ಒಂದು ಗೇಣು ಮುಂದೆ ತಂದು ಕೂತು ಕೇಳಿದ. ಹಾಡುಗಾತಿ ಬಾಗಿಲು ಬಿಟ್ಟು ಎರಡು ಹೆಜ್ಜೆ ಬಂದು ಅಲ್ಲೇ ನಿಂತಳು. ಲುವಾ ಹೋದ ಮೇಲೆ ಒಂದು ವರ್ಷ ಕಳೆದಿತ್ತಲ್ಲ. ಕಿವಿಯೂ ಆ ಒಂದು ವರ್ಷ ಇಳಿದಿತ್ತು. ಇನ್ನೊಂದು ಬೆರಳು, ಮತ್ತೊಂದು ಬೆರಳು. ತಳ್ಳಿದ, ಬಂದು ಕೂತ, ಎದ್ದ. ಮೂರು ದಿನ ಹೀಗೆ ಮಾಡಿ ಅವನ ಬೆನ್ನು ಹಿಡಿದುಕೊಂಡಿತು. ಇನ್ನೇನು ಬಂದಳು ಅನ್ನುವ ಹೊತ್ತಿಗೆ ದುಡ್ಡು ಕೊಡಲು ಬಂದ ಎದುರುಮನೆಯಾಕೆ ಬಾಗಿಲಲ್ಲೇ ನಿಂತು, “ಇದೇನು ನಾಮ್ ಅಣ್ಣ, ಹಾಡೆಲ್ಲ ಒಂದೇ ಪೆಟ್ಟಿಗೆಯಿಂದ ಬರ್ತಿದೆ?” ಎಂದಳು.

ಆಗ ಅವನಿಗೆ ಸಂಗತಿ ಸ್ಪಷ್ಟವಾಯಿತು. ತನಗೆ ನೇರವಾದರೆ ಲೋಕಕ್ಕೆ ಸೊಟ್ಟ, ಲೋಕಕ್ಕೆ ನೇರವಾದರೆ ತನಗೆ ಸೊಟ್ಟ. ನಾಳೆ ಕಿವಿ ಇನ್ನೂ ಇಳಿಯುತ್ತದೆ. ಬೆರಳು ಬೆರಳಾಗಿ ತಳ್ಳುವ ಕೈ ಇನ್ನಿಲ್ಲ. ಅವನು ಟೇಪು ತಂದು, ಎಡಗಡೆಯ ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿ, ಬಂದವರಿಗೆ ಸರಿಯಾಗುವ ಹಾಗೆ ನಿಲ್ಲಿಸಿದ. ಹಾಡು ಲುವಾಗೆ ತಾನೇ? ತನಗೆ ಕೇಳಿಸದಿದ್ದರೆ ಏನಾಯಿತು ಎಂದುಕೊಂಡ. ಹಾಗೆಂದುಕೊಂಡರೂ ಆ ರಾತ್ರಿ ಊಟ ಸೇರಲಿಲ್ಲ.

ತಿಥಿಯ ದಿನ ಮನೆ ತುಂಬಿತು. ಮೊಟ್ಟೆ ಹಾಕಿ ಬೇಯಿಸಿದ ಹಂದಿಮಾಂಸ, ಹೂರಣ ತುಂಬಿದ ಹಾಗಲಕಾಯಿಯ ಸಾರು, ಬಾಳೆಲೆಯ ಕಡುಬು, ಎಲ್ಲವನ್ನೂ ಮೊದಲು ಲುವಾಳ ಮುಂದಿಟ್ಟರು. ಬೆನ್‌ಚೆಯಿಂದ ಮುಂಜಾನೆಯ ಬಸ್ಸಿಗೆ ಲುವಾಳ ಸೋದರತ್ತೆ ಬಂದಿದ್ದಳು. ಎಂಬತ್ತಾರು ವರ್ಷ, ಬೆನ್ನು ಬಿಲ್ಲಾದ ಮುದುಕಿ. ಧೂಪ ಹಚ್ಚಿ, ಅಣ್ಣನ ಮಗಳ ಫೋಟೋ ನೋಡಿ, “ನಾನು ಹೋಗ್ಬೇಕಾದ ಬಸ್ಸಿಗೆ ನೀನು ಹತ್ತಿದ್ಯಲ್ಲೇ” ಎಂದು ಗದರಿದಳು. ಅವಳನ್ನು ಎಲ್ಲಿ ಕೂರಿಸುವುದು? ಮನೆಯಲ್ಲಿ ಕೈಯಿರುವ ಕುರ್ಚಿ ಒಂದೇ. ಖೋಯ್ ತಾನೇ ಕೈ ಹಿಡಿದು ಕರೆತಂದು ತನ್ನ ಕುರ್ಚಿಯಲ್ಲಿ ಕೂರಿಸಿದ. ಬಲಗಡೆ ಹೆಂಗಸರು ಚಾಪೆ ಹಾಸಿ ಕೂತಿದ್ದರು, ಜಾಗವಿರಲಿಲ್ಲ. ರೆಕಾರ್ಡು ಹಾಕಿ ಬಂದು, ಮುದುಕಿಯ ಎಡಗಡೆಗೆ ಒಂದು ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಕೂತ.

ಹಾಡು ಶುರುವಾಯಿತು. ಹೆಂಗಸರ ಮಾತು ನಿಂತಿತು. “ಅಕ್ಕನ ಹತ್ರಾನೇ ನಿಂತಿದ್ದಾಳೆ ನೋಡಿ” ಎಂದು ಊತ್ ಯಾರಿಗೋ ಪಿಸುಗುಟ್ಟಿದಳು. ಅವರಿಗಾದರೂ ಕೇಳಿತಲ್ಲ ಎಂದು ಖೋಯ್ ತಲೆ ತಗ್ಗಿಸಿ ಕೂತಿದ್ದ. ಉದ್ದಕ್ಕೆ ಎಳೆದು ಎಳೆದು, ಕೊನೆಗೆ ದನಿ ಒಮ್ಮೆಲೇ ಕೆಳಗಿಳಿಯುವ ಜಾಗ ಬಂದಾಗ ತಲೆ ಎತ್ತಿದ.

ಹಾಡುಗಾತಿ ಲುವಾಳ ಫೋಟೋದ ಎದುರಿಗೆ ನಿಂತಿದ್ದಳು.

ಅವನು ಕುರ್ಚಿಯ ಕಡೆಗೆ, ಬಲಕ್ಕೆ ವಾಲಿ ನೋಡಿದ. ಅವಳು ಬಾಗಿಲಿಗೆ ಓಡಿದಳು. ಮತ್ತೆ ಎಡಕ್ಕೆ ಬಂದ, ಅವಳೂ ನಡುವೆ ಬಂದು ನಿಂತಳು. ಬೆರಳಷ್ಟೂ ಆಚೀಚೆಯಿಲ್ಲ. ಪೆಟ್ಟಿಗೆಗಳು ಟೇಪು ಹಿಡಿದು ಇಟ್ಟಲ್ಲೇ ಇದ್ದವು. ಸರಿದದ್ದು ಅವನು, ಎರಡು ಟೈಲಿನಷ್ಟು. ಎಡಗಡೆಯ ಪೆಟ್ಟಿಗೆ ಅವನ ಹತ್ತಿರಕ್ಕೆ ಬರುವ ಬದಲು ಅವನೇ ಅದರ ಹತ್ತಿರಕ್ಕೆ ಬಂದಿದ್ದ. ಇಷ್ಟೇ. ಇಷ್ಟಕ್ಕೆ ಆ ಸೊಂಟದ ನೋವಿನ ಹೆಂಗಸು ನಾಲ್ಕು ವರ್ಷ ಅಕ್ಕಿಮೂಟೆಯಂಥ ಪೆಟ್ಟಿಗೆಯನ್ನು ಕದ್ದುಮುಚ್ಚಿ ತಳ್ಳಿದ್ದಳು. ಆ ಮನೆಯಲ್ಲಿ ಪೆಟ್ಟಿಗೆ ಸರಿಯಬಹುದು, ಗೋಡೆ ಸರಿಯಬಹುದು, ಹೆಂಡತಿ ಸರಿಯಬಹುದು, ಅವನು ಸರಿದು ಕೂತಾನು ಎಂಬುದು ಅವಳಿಗಾಗಲಿ ಅವನಿಗಾಗಲಿ ಹೊಳೆದೇ ಇರಲಿಲ್ಲ. ಸರಿದಿದ್ದರೆ ಪಕ್ಕದಲ್ಲಿ ಅವಳಿಗೂ ಜಾಗವಾಗುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಲುವಾ ಅಲ್ಲಿ ಕೂತು ಈ ಹಾಡು ಕೇಳಿರಲಿಲ್ಲ. ಕೂತ್ಕೋ ಎಂದು ಅವನೂ ಹೇಳಿರಲಿಲ್ಲ.

“ಒಂಚೂರು ಸರಿದು ಕೂತ್ಕೊಳ್ಳಿ ಅಂತ ಅಂದಿದ್ರೆ ಆಗ್ತಿತ್ತಲ್ಲೇ” ಎಂದುಬಿಟ್ಟ, ಎಲ್ಲರಿಗೂ ಕೇಳುವ ಹಾಗೆ. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಮುದುಕಿ ಗಡಬಡಿಸಿ ಕಾಲು ಎಳೆದುಕೊಂಡು ಕುರ್ಚಿಯ ಅಂಚಿಗೆ ಸರಿದಳು. “ನಂಗೆ ಹೇಳಿದ್ಯೇನಪ್ಪಾ? ಅಡ್ಡ ಬಂದ್ನಾ?”

“ಇಲ್ಲ ಅತ್ತೆ, ನಿಮಗಲ್ಲ. ಆರಾಮಾಗಿ ಕೂತ್ಕೊಳ್ಳಿ. ಅಲ್ಲಿ ಚೆನ್ನಾಗಿ ಕೇಳತ್ತೆ.”

ಮೂರು ಗಂಟೆಯ ಹೊತ್ತಿಗೆ ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಊತ್ ಪಾತ್ರೆ ತೊಳೆದಿಟ್ಟು, ಮಿಕ್ಕ ಸಾರಿಗೆ ಮುಚ್ಚಳ ಮುಚ್ಚಿ, ಮುದುಕಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಸ್ಸಿಗೆ ಬಿಡಲು ಹೋದಳು. ಖೋಯ್ ಬಾಗಿಲು ಹಾಕಿ ಬಂದು ರೆಕಾರ್ಡಿನ ಸೂಜಿಯನ್ನು ಮೊದಲಿಗೆ ಇಟ್ಟ. ಕುರ್ಚಿ ಖಾಲಿಯಿತ್ತು. ಅವನು ಅದರ ಎಡಗಡೆಯ ಸ್ಟೂಲಿನ ಮೇಲೆ ಕೂತು ಹಾಡು ಮುಗಿಯುವವರೆಗೂ ಕೇಳಿದ.